‘ಬಾಣ’ ಶಬ್ದದ ಅರ್ಥಪರಿಣಾಮ

೧

ಕನ್ನಡದಲ್ಲಿ ‘ಬಾಣ’ವೆಂಬ ಶಬ್ದಕ್ಕೆ ಎರಡು ಅರ್ಥಗಳು ರೂಢಿಯಲ್ಲಿವೆ. ಬಿಲ್ಲಿನ ಹೆದೆಯಿಂದ ಎಚ್ಚ ಅಂಬು ಒಂದು. ಮದ್ದು ತುಂಬಿದ ಕೊಳವೆಯನ್ನು ಬಿದಿರುಕಡ್ಡಿಗೆ ಕಟ್ಟಿ, ಬತ್ತಿಗೆ ಕಿಚ್ಚಿಟ್ಟೊಡನೆ ಯಾವ ಬಿಲ್ಲಿನ ಸಹಾಯವೂ ಇಲ್ಲದೆ ತಾನಾಗಿ ನೆಗೆದು ಹೋಗುವ ಬಿರುಸು ಇನ್ನೊಂದು. ಮೊದಲನೆಯದು ಕಾವ್ಯಗಳಲ್ಲಿಯೂ ಕೋಶಗಳಲ್ಲಿಯೂ ಸುಪ್ರಸಿದ್ಧವಾದುದು. ಎರಡನೆಯದು ತೇರು ಜಾತ್ರೆಗಳ ‘ಬಾಣಬಿರುಸು’ ಎಂಬ ಜೋಡುನುಡಿಯಲ್ಲಿಯೂ, ಹೈದರಾಲಿ ಟೀಪುಸುಲ್ತಾನರ ಕಾಲದ ಮೈಸೂರು ಸೈನ್ಯದ ವೃತ್ತಾಂತಗಳಲ್ಲಿಯೂ ಕಾಣಬರುವುದು. ಈ ಎರಡರ್ಥಗಳಿಗೆ ಪರಸ್ಪರ ಸಂಬಂಧವೇನು, ಎರಡನೆಯದು ಯಾವಾಗ ಹೇಗೆ ಬಂದಿತು ಎಂಬುದೇ ಇಲ್ಲಿಯ ವಿಚಾರ.

ಮೇಲುನೋಟಕ್ಕೆ ಇದು ನಿಘಂಟುಕಾರರ ಒಂದು ಚಿಕ್ಕ ಪ್ರಶ್ನೆಯಾಗಿ ತೋರಬಹುದು. ಆದರೆ ಇದರ ಮೇಲೆ ನಿಂತಿರುವ ವಾದಗಳು ಚಿಕ್ಕವಲ್ಲ. ಬಾಣ, ಅಗ್ನಿಬಾಣ, ಶತಘ್ನೀ, ನಾಲಿಕ ಎಂಬ ಹೆಸರುಗಳು ಪ್ರಾಚೀನ ಗ್ರಂಥಗಳಲ್ಲಿ ಸಿಕ್ಕುವುದನ್ನೇ ಆಧಾರವಾಗಿಟ್ಟುಕೊಂಡು, ನಮ್ಮ ಪೂರ್ವಿಕರಿಗೆ ಭಾರತಯುದ್ಧದ ಕಾಲದಲ್ಲಿಯೇ ಕೋವಿಮದ್ದು ತಿಳಿದಿತ್ತೆಂದು ಹೇಳುವವರು ಹಿಂದೆಯೂ ಇದ್ದರು, ಇಂದಿಗೂ ಇದ್ದಾರೆ. ಈ ಮಾತು ಶಾಲೆಗಳ ಪಾಠಗಳಲ್ಲಿಯೂ ಟಿಪ್ಪಣಿಗಳಲ್ಲಿಯೂ ಸೇರಿಕೊಂಡರೆ ಕಾವ್ಯಾರ್ಥವೂ ಕೆಡುವುದು, ಗ್ರಂಥಗಳ ಕಾಲನಿರ್ಣಯವೂ ಕೆಡುವುದು. ಆದುದರಿಂದ ಶಬ್ದವನ್ನು ಮೊದಲು ಶೋಧಿಸಿ, ಆಮೇಲೆ ವಸ್ತುವಿನ ಕಡೆಗೆ ಹೋಗುವುದು ಯುಕ್ತ.

೨

ಮೊದಲು ಪೂರ್ವಪಕ್ಷ. ವಾರನ್ ಹೇಸ್ಟಿಂಗ್ಸನ ಕಾಲದಲ್ಲಿ ಬಂಗಾಳದ ಹನ್ನೊಂದು ಮಂದಿ ಪಂಡಿತರು ‘ವಿವಾದಾರ್ಣವಸೇತು’ವೆಂಬ ಧರ್ಮಶಾಸ್ತ್ರಸಂಗ್ರಹವನ್ನು ಸಂಸ್ಕೃತದಲ್ಲಿ ರಚಿಸಿದರು. ಅದು ಪಾರಸಿಗೆ ಪರಿವರ್ತಿತವಾಗಿ, ಆ ಪಾರಸಿಯಿಂದ ಹಾಲ್ಹೆಡ್ ಎಂಬವನ ಕೈಯಲ್ಲಿ ಇಂಗ್ಲಿಷಿಗೆ ಬಂದು ೧೭೭೬ರಲ್ಲಿ ಪ್ರಕಟವಾಯಿತು. ಅರಸನು ವಿಷದಿಗ್ಧವಾದ ಆಯುಧಗಳಿಂದಲೂ ಅಗ್ನಿಯುಕ್ತವಾದ ಆಯುಧಗಳಿಂದಲೂ ಯುದ್ಧಮಾಡಬಾರದೆಂಬ ನಿಷೇಧವು ಅದರಲ್ಲಿದೆ. ಇಂಗ್ಲಿಷಿನಲ್ಲಿ ಇದು ಪಿರಂಗಿ ತುಪಾಕಿಗಳ ನಿಷೇಧವಾಗಿ ಮಾರ್ಪಟ್ಟಿತು. ಹಾಲ್ಹೆಡನು ತನ್ನ ಪೀಠಿಕೆಯಲ್ಲಿ ‘ಅಗ್ನ್ಯಸ್ತ್ರ’, ‘ಶತಘ್ನೀ’ ಎಂಬ ಎರಡು ಶಬ್ದಗಳನ್ನೆತ್ತಿಕೊಂಡು, ಇವು ಹಿಂದೂಗಳಿಗೆ ಬಹು ಪೂರ್ವದಲ್ಲಿಯೇ ಕೋವಿಮದ್ದು ತಿಳಿದಿದ್ದುದಕ್ಕೆ ಗುರುತುಗಳೆಂದು ಸೂಚಿಸಿದನು. ಒಂದು ಭಾಷೆಯ ಮಾತು ಎರಡು ಭಾಷೆಗಳನ್ನು ಹಾಯ್ದು ಬರುವಾಗ ಅರ್ಥವು ಎಷ್ಟು ದೂರ ಸರಿಯಬಲ್ಲುದೆಂಬುದಕ್ಕೆ ಇದೊಂದು ನಿದರ್ಶನ.

ಅದಾದ ನೂರುವರ್ಷಗಳ ಮೇಲೆ, ೧೮೮೦ರಲ್ಲಿ, ಮದರಾಸಿನಲ್ಲಿದ್ದ ಗುಸ್ತಾವ್ ಓಪರ್ಟ್ ಪಂಡಿತನು ಪ್ರಾಚೀನ ಹಿಂದೂಗಳ ಆಯುಧಗಳನ್ನೂ ಸೇನಾವ್ಯವಸ್ಥೆಯನ್ನೂ ಕುರಿತು ಒಂದು ಗ್ರಂಥವನ್ನು ಬರೆದು, ಶುಕ್ರನೀತಿ, ನೀತಿಪ್ರಕಾಶಿಕಾ ಎಂಬ ಎರಡು ಗ್ರಂಥಗಳ ಬಲದಿಂದ ಅದೇ ಪಕ್ಷವನ್ನು ವಿಸ್ತಾರವಾಗಿ ಸಮರ್ಥಿಸಿದನು. ೧೮೮೯ರಲ್ಲಿ ಅಮೆರಿಕದ ಹಾಪ್‌ಕಿನ್ಸನು ಭಾರತವನ್ನು ಪರಿಶೋಧಿಸಿ ಇದನ್ನು ಖಂಡಿಸಿದನು. ೧೯೦೨ರಲ್ಲಿ ಆಚಾರ್ಯ ಪ್ರಫುಲ್ಲಚಂದ್ರ ರಾಯರು ತಮ್ಮ ಹಿಂದೂ ರಸಾಯನಶಾಸ್ತ್ರದ ಇತಿಹಾಸದಲ್ಲಿ ರಸಾಯನದ ಕಡೆಯಿಂದ ಇದನ್ನು ನೋಡಿ, ಶುಕ್ರನೀತಿಯ ಮದ್ದಿನ ಭಾಗವು ಈಚಿನದೆಂದು ತಿಳಿಸಿದರು. ಹೀಗೆ ಖಂಡನವಾದರೂ ವಾದವು ಅಳಿಯಲಿಲ್ಲ. ಏಕೆಂದರೆ ವಾದದ ಬೇರು ಶಬ್ದದಲ್ಲಿರುವುದು. ಹೆಸರು ಅದೇ ಆಗಿರುವಾಗ ವಸ್ತುವೂ ಅದೇ ಏಕಾಗಬಾರದೆಂಬ ಪ್ರಶ್ನೆ ಓದುಗನ ಮನಸ್ಸಿನಲ್ಲಿ ಉಳಿದೇ ಉಳಿಯುವುದು.

೩

ಇನ್ನು ಮೂಲಾರ್ಥ. ಋಗ್ವೇದದ ಆರನೆಯ ಮಂಡಲದ ಎಪ್ಪತ್ತೈದನೆಯ ಸೂಕ್ತವು ಕವಚ, ಧನುಸ್ಸು, ಹೆದೆ, ಬತ್ತಳಿಕೆ ಮೊದಲಾದ ಯುದ್ಧೋಪಕರಣಗಳ ಸ್ತುತಿಯಾಗಿದೆ. ಅದರಲ್ಲಿ ಬಾಣಗಳು ಬಂದು ಬೀಳುವುದನ್ನು ಹೇಳುವ ಮಂತ್ರವುಂಟು. ಅಲ್ಲಿ ಬಿಲ್ಲಿನ ಅಂಬಲ್ಲದೆ ಬೇರೆ ಅರ್ಥಕ್ಕೆ ಅವಕಾಶವಿಲ್ಲ. ಅಮರಸಿಂಹನು ಎರಡನೆಯ ಕಾಂಡದ ಕ್ಷತ್ರಿಯವರ್ಗದಲ್ಲಿ ಶರ, ಇಷು, ಮಾರ್ಗಣ, ವಿಶಿಖ, ಆಶುಗ ಮೊದಲಾದವುಗಳ ಸಾಲಿನಲ್ಲಿಯೇ ಬಾಣವನ್ನೂ ಸೇರಿಸಿರುವನು. ಇವುಗಳಲ್ಲಿ ಕೆಲವು ಅನ್ವರ್ಥನಾಮಗಳು: ವೇಗವಾಗಿ ಹೋಗುವುದು ಆಶುಗ, ಅರಸಿಕೊಂಡು ಹೋಗುವುದು ಮಾರ್ಗಣ. ಬೆಂಕಿಯ ಸೋಂಕು ಈ ಸಾಲಿನ ಯಾವುದಕ್ಕೂ ಇಲ್ಲ.

ವ್ಯುತ್ಪತ್ತಿಯ ವಿಷಯದಲ್ಲಿ ವೈಯಾಕರಣರು ಶಬ್ದಾರ್ಥಕವಾದ ಧಾತುವನ್ನು ಹೇಳಿ, ಸದ್ದುಮಾಡುತ್ತ ಹೋಗುವುದರಿಂದ ಬಾಣವೆಂದು ನಿರ್ವಹಿಸುವರು. ಮೊರೆಯುತ್ತ ಏರುವ ಬಿರುಸಿಗೆ ಈ ವ್ಯುತ್ಪತ್ತಿ ಅಂಬಿಗಿಂತಲೂ ಚೆನ್ನಾಗಿ ಹೊಂದುವಂತೆ ತೋರುವುದರಿಂದಲೇ ಇಲ್ಲಿ ಎಚ್ಚರಿಕೆ ಬೇಕು. ರೂಢಿಯಲ್ಲಿರುವ ಶಬ್ದಕ್ಕೆ ಯೋಗಾರ್ಥವನ್ನು ಕಲ್ಪಿಸುವುದು ಶಾಸ್ತ್ರಪ್ರಕ್ರಿಯೆಗಾಗಿ. ಅದರಿಂದ ವಸ್ತುವಿನ ಚರಿತ್ರೆ ಸಿದ್ಧಿಸದು. ಪ್ಶಿಲುಸ್ಕಿಯೆಂಬ ಪಂಡಿತನಾದರೋ ಈ ಶಬ್ದವೇ ಆರ್ಯಭಾಷೆಯದಲ್ಲ, ಮುಂಡಾ ಮೊದಲಾದ ಭಾಷೆಗಳ ವರ್ಗದಿಂದ ಸಂಸ್ಕೃತಕ್ಕೆ ಬಂದುದೆಂದು ವಾದಿಸಿ, ಬಿಲ್ಲು ಬಾಣಗಳಿಗೆ ಸಂಬಂಧಿಸಿದ ಮಲಯ ಭಾಷೆಯ ‘ಪಾನಾಹ್’ ಎಂಬುದನ್ನು ಹೋಲಿಕೆಗೆ ತಂದನು. ಈ ಎರಡು ಪಕ್ಷಗಳಲ್ಲಿ ಯಾವುದನ್ನು ಒಪ್ಪಿದರೂ ಮೂಲಾರ್ಥವು ಅಂಬೇ ಹೊರತು ಬೆಂಕಿಯ ಕೊಳವೆಯಲ್ಲ.

ಕನ್ನಡಿಗರಿಗೆ ಇನ್ನೊಂದು ಭ್ರಾಂತಿಗೆ ಅವಕಾಶವುಂಟು. ಬಾನಿಗೆ ಹಾರುವುದರಿಂದ ಬಾಣವಾಯಿತೆಂದು ತೋರಬಹುದು. ಆದರೆ ಆಕಾಶಾರ್ಥಕವಾದ ‘ಬಾನ್’ ನಕಾರಾಂತ, ‘ಬಾಣ’ದಲ್ಲಿರುವುದು ಣಕಾರ. ತಮಿಳಿನಲ್ಲಿಯೂ ‘ವಾನ್’ ಎಂಬ ಆಕಾಶವೂ ‘ವಾಣಂ’ ಎಂಬ ಬಿರುಸೂ ಹೀಗೆಯೇ ಬೇರೆಬೇರೆಯಾಗಿ ನಿಂತಿವೆ. ಅಡಿಗೆಯ ಮನೆಗೆ ಹಳಗನ್ನಡದಲ್ಲಿರುವ ‘ಬಾಣಸ’ವೂ ‘ಮಹಾನಸ’ದ ತದ್ಭವವೇ ಹೊರತು ಬೆಂಕಿಯ ಬಾಣಕ್ಕೂ ಅದಕ್ಕೂ ನಂಟಿಲ್ಲ.

೪

ಹಾಗಾದರೆ ಪ್ರಾಚೀನರಿಗೆ ಬೆಂಕಿಯ ಬಾಣವೇ ತಿಳಿದಿರಲಿಲ್ಲವೇ ಎಂದರೆ, ತಿಳಿದಿತ್ತು. ಆದರೆ ಅದು ಬೇರೆ ಬಗೆಯದು. ಇಲ್ಲಿ ಎರಡು ವಸ್ತುಗಳನ್ನು ಬೇರ್ಪಡಿಸಬೇಕು.

ಒಂದನೆಯದು ಮಂತ್ರಾಸ್ತ್ರವಾದ ಆಗ್ನೇಯ. ಭಾರತದ ಆದಿಪರ್ವದಲ್ಲಿ ಅರ್ಜುನನು ಅಂಗಾರಪರ್ಣನೆಂಬ ಗಂಧರ್ವನ ರಥವನ್ನು ಇದರಿಂದ ಸುಡುವನು. ಅದೇ ಪರ್ವದಲ್ಲಿ ಕುಮಾರರ ಅಸ್ತ್ರಪರೀಕ್ಷೆಯ ರಂಗದಲ್ಲಿ ಆಗ್ನೇಯದಿಂದ ಬೆಂಕಿಯನ್ನೂ, ವಾರುಣದಿಂದ ನೀರನ್ನೂ, ವಾಯವ್ಯದಿಂದ ಗಾಳಿಯನ್ನೂ ಸೃಷ್ಟಿಸಿ ತೋರಿಸುವನು. ಇವು ಒಂದೇ ಸಾಲಿನ ಅಸ್ತ್ರಗಳು. ಒಂದೇ ನ್ಯಾಯವು ಎಲ್ಲಕ್ಕೂ ಸಲ್ಲಬೇಕು. ಆಗ್ನೇಯವೆಂಬ ಹೆಸರಿನಿಂದ ಕೋವಿಮದ್ದನ್ನು ಊಹಿಸುವವರು ವಾರುಣದಿಂದ ಯಾವ ಯಂತ್ರವನ್ನು ಊಹಿಸುವರೋ ಹೇಳಬೇಕಾಗುವುದು. ಒಂದನ್ನು ಯಂತ್ರವೆಂದೂ ಮಿಕ್ಕವುಗಳನ್ನು ಕವಿಕಲ್ಪನೆಯೆಂದೂ ಎಣಿಸುವುದು ಅರ್ಧಜರತೀಯನ್ಯಾಯವಾಗುವುದು.

ಎರಡನೆಯದು ಲೌಕಿಕವಾದ ಉರಿಬಾಣ. ಮನುಸ್ಮೃತಿಯ ಏಳನೆಯ ಅಧ್ಯಾಯವು ಕೂಟಾಯುಧಗಳನ್ನೂ, ಕೊಕ್ಕೆಯಲಗಿನ ಅಂಬುಗಳನ್ನೂ, ವಿಷಲೇಪವುಳ್ಳವನ್ನೂ, ಮೊನೆಯಲ್ಲಿ ಬೆಂಕಿ ಉರಿಯುವವನ್ನೂ ಯುದ್ಧದಲ್ಲಿ ನಿಷೇಧಿಸಿದೆ. ಇಲ್ಲದ ವಸ್ತುವಿಗೆ ನಿಷೇಧವು ಸಲ್ಲದಾದುದರಿಂದ, ಅಂತಹ ಅಂಬು ಬಳಕೆಯಲ್ಲಿತ್ತೆಂಬುದು ನಿಶ್ಚಯ. ಅದನ್ನು ಹೇಗೆ ಮಾಡುತ್ತಿದ್ದರೆಂಬುದಕ್ಕೆ ಕೌಟಿಲೀಯ ಅರ್ಥಶಾಸ್ತ್ರವೇ ಪ್ರಮಾಣ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ದೊರೆತ ಓಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಈ ಗ್ರಂಥವನ್ನು ಪ್ರಕಟಿಸುವವರೆಗೆ ಹಾಲ್ಹೆಡನಿಗಾಗಲಿ ಓಪರ್ಟನಿಗಾಗಲಿ ಈ ಪ್ರಮಾಣವು ಲಭ್ಯವಿರಲಿಲ್ಲವೆಂಬುದನ್ನು ಮರೆಯಬಾರದು.

ಅರ್ಥಶಾಸ್ತ್ರದ ಹದಿಮೂರನೆಯ ಅಧಿಕರಣದಲ್ಲಿ ಶತ್ರುದುರ್ಗವನ್ನು ಹಿಡಿಯುವ ಪ್ರಸಂಗದಲ್ಲಿ ‘ಅಗ್ನಿಯೋಗ’ಗಳು ಹೇಳಲ್ಪಟ್ಟಿವೆ. ಸರಲ, ದೇವದಾರು, ಗುಗ್ಗುಳ, ಶ್ರೀವೇಷ್ಟಕ, ಸರ್ಜರಸ, ಅರಗು ಇವುಗಳನ್ನು ಕತ್ತೆ, ಒಂಟೆ, ಆಡು, ಕುರಿಗಳ ಸೆಗಣಿ ಹಿಕ್ಕೆಗಳೊಡನೆ ಕೂಡಿಸಿ ಉಂಡೆಕಟ್ಟುವುದು ಒಂದು ಯೋಗ. ಜೇನುಮೇಣವೇ ಮೊದಲಾದವುಗಳಿಂದ ಮಾಡಿದ, ಎಸೆಯತಕ್ಕ ಯೋಗವು ಇನ್ನೊಂದು. ಲೋಹಚೂರ್ಣಗಳಿಗೆ ಎಣ್ಣೆ, ಮೇಣ, ಶ್ರೀವೇಷ್ಟಕಗಳನ್ನು ಬೆರಸಿದ ‘ವಿಶ್ವಾಸಘಾತಿ’ಯೆಂಬುದು ಮತ್ತೊಂದು. ಈ ಕೊನೆಯದನ್ನು ಬಳಿದು, ಸೆಣಬಿನ ನಾರು ಮೊದಲಾದವುಗಳಿಂದ ಸುತ್ತಿದ ಬಾಣವನ್ನು ಕೌಟಿಲ್ಯನು ಅಲ್ಲಿಯೇ ಹೇಳಿರುವನು. ಕೋಟೆಯಲ್ಲಿ ಗೂಡುಕಟ್ಟಿದ ಗಿಡುಗ, ಕಾಗೆ, ಗಿಳಿ, ಪಾರಿವಾಳಗಳನ್ನು ಹಿಡಿದು ಅವುಗಳ ಬಾಲಕ್ಕೆ ಅಗ್ನಿಯೋಗವನ್ನು ಕಟ್ಟಿ ಬಿಡುವ ಉಪಾಯವೂ ಅಲ್ಲಿಯೇ ಇದೆ.

ಈ ದ್ರವ್ಯಗಳನ್ನು ಪರ್ಯಾಲೋಚಿಸಬೇಕು. ಇವೆಲ್ಲವೂ ಬೇಗ ಹೊತ್ತಿಕೊಂಡು ಬಹಳ ಹೊತ್ತು ಉರಿಯತಕ್ಕವು, ಆರಿಸಲು ಕಷ್ಟವಾದವು. ಪೆಟ್ಲುಪ್ಪು ಇವುಗಳಲ್ಲಿಲ್ಲ. ಪೆಟ್ಲುಪ್ಪು, ಗಂಧಕ, ಇದ್ದಲು ಈ ಮೂರೂ ಕೂಡಿದಲ್ಲದೆ ಕೋವಿಮದ್ದಾಗದು. ಪೆಟ್ಲುಪ್ಪಿನ ವಿಶೇಷವೇನೆಂದರೆ, ಉರಿಯುವುದಕ್ಕೆ ಬೇಕಾದ ಪ್ರಾಣವಾಯುವನ್ನು ತನ್ನಲ್ಲಿಯೇ ಇಟ್ಟುಕೊಂಡಿರುವುದರಿಂದ, ಹೊರಗಿನ ಗಾಳಿ ಸೋಕದ ಕೊಳವೆಯೊಳಗೂ ಮದ್ದು ಉರಿಯಬಲ್ಲುದು. ಹಾಗೆ ಉರಿದು ಹುಟ್ಟಿದ ಹೊಗೆಯ ರಭಸವು ಹಿಂದಕ್ಕೆ ನುಗ್ಗುವಾಗ ಕೊಳವೆಯು ಮುಂದಕ್ಕೆ ಹೋಗುವುದು. ಕೌಟಿಲ್ಯನ ಬಾಣಕ್ಕೆ ಬೆಂಕಿಯು ಹೊರೆ. ಅದನ್ನು ಒಯ್ಯುವುದು ಬಿಲ್ಲು. ಈಚಿನ ಬಾಣಕ್ಕೆ ಬೆಂಕಿಯೇ ಬಿಲ್ಲು. ಇವೆರಡರ ಭೇದವು ಇಲ್ಲಿಯೇ ಇರುವುದು.

ಕೌಟಿಲ್ಯನ ಇನ್ನೊಂದು ಮಾತೂ ಗಮನಾರ್ಹವಾದುದು. ಪರಾಕ್ರಮದಿಂದ ಹಿಡಿಯಬಹುದಾದ ಕೋಟೆಗೆ ಬೆಂಕಿಯಿಕ್ಕಬಾರದೆಂದೂ, ಬೆಂಕಿಯು ನಂಬತಕ್ಕದ್ದಲ್ಲವೆಂದೂ, ಅದು ಲೆಕ್ಕವಿಲ್ಲದಷ್ಟು ಪ್ರಾಣಿಗಳನ್ನೂ ಧಾನ್ಯ ಪಶು ಧನಗಳನ್ನೂ ನಾಶಮಾಡುವುದೆಂದೂ ಅವನು ಎಚ್ಚರಿಸುವನು. ಮನುವಿನ ನಿಷೇಧವನ್ನೂ ಈ ಎಚ್ಚರಿಕೆಯನ್ನೂ ಒಟ್ಟಿಗೆ ಓದಿದರೆ, ಪ್ರಾಚೀನರ ಮನಸ್ಸಿನಲ್ಲಿ ಅಗ್ನಿಬಾಣವು ಊರು ಸುಡುವ ಸಾಧನವೇ ಆಗಿದ್ದಿತೆಂಬುದು ಸ್ಪಷ್ಟವಾಗುವುದು.

೫

ಶತಘ್ನಿಯ ಗತಿಯೂ ಇದೇ. ನೂರುಮಂದಿಯನ್ನು ಕೊಲ್ಲುವುದೆಂಬ ಯೋಗಾರ್ಥದಿಂದ ಅದನ್ನು ಪಿರಂಗಿಯೆಂದರು. ಆದರೆ ಅರ್ಥಶಾಸ್ತ್ರದಲ್ಲಿ ಅದು ಚಲಯಂತ್ರಗಳ ಪಟ್ಟಿಯಲ್ಲಿ ಗದೆ, ಮುದ್ಗರ, ತ್ರಿಶೂಲಗಳ ಜೊತೆಗೆ ಬಂದಿದೆ. ಕೋಟೆಯ ಗೋಡೆಯ ಮೇಲಿಟ್ಟ, ಮೈತುಂಬ ಚೂಪಾದ ಮುಳ್ಳುಗಳುಳ್ಳ ದೊಡ್ಡ ಕಂಬವೆಂದು ಅದಕ್ಕೆ ವ್ಯಾಖ್ಯಾನವಿರುವುದು. ಏರಿಬರುವವರ ಮೇಲೆ ಅದನ್ನು ಉರುಳಿಸಿದರೆ ನೂರುಮಂದಿ ಸಾಯುವುದಕ್ಕೆ ಮದ್ದಿನ ಅಪೇಕ್ಷೆಯಿಲ್ಲ.

ನಾಲಿಕದ ವಿಷಯವು ಇನ್ನೂ ಸ್ವಾರಸ್ಯವಾದುದು. ಭಾರತದಲ್ಲಿ ‘ನಾಲೀಕ’ವು ಕರ್ಣಿ, ನಾರಾಚಗಳ ಸಂಗಡ ಹೇಳಲ್ಪಡುವ ಒಂದು ಜಾತಿಯ ಅಂಬು. ಶುಕ್ರನೀತಿಯಲ್ಲಿಯಾದರೋ ಬೃಹನ್ನಾಲಿಕ, ಕ್ಷುದ್ರನಾಲಿಕಗಳೆಂದು ಎರಡು ಬಗೆಯಾಗಿ, ಮದ್ದನ್ನೂ ಗುಂಡನ್ನೂ ತುಂಬಿ ಹಾರಿಸುವ ಲೋಹದ ನಳಿಗೆಗಳಾಗಿ ವರ್ಣಿತವಾಗಿದೆ. ಮದ್ದಿಗೆ ಅಲ್ಲಿ ‘ಅಗ್ನಿಚೂರ್ಣ’ವೆಂದು ಹೆಸರು, ಸುವರ್ಚಿಲವಣ ಐದು ಪಲ, ಗಂಧಕ ಒಂದು ಪಲ, ಎಕ್ಕ ಕಳ್ಳಿ ಮೊದಲಾದವುಗಳ ಇದ್ದಲು ಒಂದು ಪಲವೆಂದು ಪ್ರಮಾಣ. ಇದು ಸಾಕ್ಷಾತ್ ಕೋವಿಮದ್ದೇ ಸರಿ. ಆದುದರಿಂದಲೇ ಆ ಗ್ರಂಥವು, ಕಡೆಯ ಪಕ್ಷ ಅದರ ಆ ಭಾಗವು, ಕೋವಿ ಪಿರಂಗಿಗಳು ನಾಡಿನಲ್ಲಿ ಹರಡಿದ ಮೇಲೆ ಬರೆದುದೆಂದು ಹೇಳಬೇಕಾಗಿದೆ. ಲಲ್ಲನ್‌ಜೀ ಗೋಪಾಲರು ೧೯೬೨ರಲ್ಲಿ ಅದರ ಇತರ ಲಕ್ಷಣಗಳನ್ನೂ ಪರೀಕ್ಷಿಸಿ, ಗ್ರಂಥವೇ ಹತ್ತೊಂಬತ್ತನೆಯ ಶತಮಾನದ್ದೆಂದು ವಾದಿಸಿರುವರು.

ವ್ಯಾಖ್ಯಾನಕಾರರೂ ಈ ಪರಿವರ್ತನೆಗೆ ಹೊರತಾಗಲಿಲ್ಲ. ಹದಿನೇಳನೆಯ ಶತಮಾನದ ನೀಲಕಂಠನು ಭಾರತದ ‘ಯಂತ್ರ’ಗಳಿಗೆ ಅರ್ಥ ಬರೆಯುವಾಗ ತನ್ನ ಕಾಲದ ಪಿರಂಗಿಗಳನ್ನು ಮನಸ್ಸಿನಲ್ಲಿಟ್ಟುಕೊಂಡಿರುವನು. ಅದು ಅವನ ದೋಷವಲ್ಲ. ಕಾಣದುದನ್ನು ಕಂಡುದರಿಂದ ತಿಳಿಸುವುದು ವ್ಯಾಖ್ಯಾನದ ರೀತಿ. ದೋಷವಾಗುವುದು ಆ ವ್ಯಾಖ್ಯಾನವನ್ನು ಮೂಲದ ಕಾಲದ ಸಾಕ್ಷಿಯೆಂದು ತೆಗೆದುಕೊಂಡಾಗ.

೬

ಇನ್ನು ಹೊಸ ಅರ್ಥದ ಹುಟ್ಟು. ಕೋವಿಮದ್ದಿನ ಯೋಗವು ಮೊದಲು ಬರೆವಣಿಗೆಯಲ್ಲಿ ದೊರೆಯುವುದು ಚೀಣದೇಶದಲ್ಲಿ. ೧೦೪೪ರ ಒಂದು ಯುದ್ಧಶಾಸ್ತ್ರಸಂಗ್ರಹದಲ್ಲಿ. ಅಲ್ಲಿಯ ಭಾಷೆಯಲ್ಲಿ ಬಿರುಸುಬಾಣಕ್ಕೆ ‘ಬೆಂಕಿಯ ಅಂಬು’ ಎಂದರ್ಥವಾಗುವ ಹೆಸರಿದೆ. ಆ ಹೆಸರು ಮೊದಲು ಉರಿಯುವ ವಸ್ತುವನ್ನು ಕಟ್ಟಿ ಬಿಲ್ಲಿನಿಂದ ಎಸೆದ ಅಂಬಿಗೆ ಸಲ್ಲುತ್ತಿದ್ದು, ಅನಂತರ ತಾನೇ ಹಾರುವ ಬಿರುಸಿಗೆ ಸಂದಿತು. ಹೊಸ ವಸ್ತುವು ಹಳೆಯ ಹೆಸರನ್ನು ಹೊದ್ದುಕೊಳ್ಳುವುದು ನಮ್ಮ ದೇಶದಲ್ಲಿ ಮಾತ್ರವೇ ನಡೆದುದಲ್ಲವೆಂಬುದಕ್ಕೆ ಇದು ದೃಢವಾದ ಸಾಕ್ಷಿ.

ಭಾರತದಲ್ಲಿ ‘ಬಾಣ’ವು ಬಿರುಸೆಂಬ ಅರ್ಥದಲ್ಲಿ ಸ್ಪಷ್ಟವಾಗಿ ಕಾಣಿಸಿಕೊಳ್ಳುವ ಸಂಸ್ಕೃತ ಗ್ರಂಥಗಳಲ್ಲಿ ‘ಕೌತುಕಚಿಂತಾಮಣಿ’ಯು ಮುಖ್ಯವಾದುದು. ಇದರ ಕರ್ತೃ ೧೪೯೭ರಲ್ಲಿ ಪಟ್ಟಕ್ಕೆ ಬಂದ ಓಡ್ರದೇಶದ ಗಜಪತಿ ಪ್ರತಾಪರುದ್ರದೇವ. ಕೃಷ್ಣದೇವರಾಯನೊಡನೆ ಯುದ್ಧಮಾಡಿ ಸೋತು, ಅವನಿಗೆ ಮಗಳನ್ನು ಕೊಟ್ಟ ಅರಸನೇ ಈತ. ವಿನೋದದ ಮದ್ದಿನಾಟಗಳ ಯೋಗಗಳನ್ನು ಹೇಳುವಲ್ಲಿ ಈತನು ಕಲ್ಪವೃಕ್ಷಬಾಣ, ಚಾಮರಬಾಣ ಎಂಬಿವೇ ಮೊದಲಾದ ಹೆಸರುಗಳನ್ನು ಕೊಟ್ಟಿರುವನು. ಇವು ಬಿಲ್ಲಿನ ಬಾಣಗಳಲ್ಲ. ಆಕಾಶದಲ್ಲಿ ಮರದಂತೆ, ಚಾಮರದಂತೆ ಕಿಡಿಗಳನ್ನು ಹರಡುವ ಬಿರುಸುಗಳು. ಪರಶುರಾಮ ಕೃಷ್ಣ ಗೋಡೆಯವರು ಇದನ್ನೂ ಇಂತಹ ಇತರ ಪ್ರಮಾಣಗಳನ್ನೂ ಒಟ್ಟುಗೂಡಿಸಿ ೧೪೦೦ರಿಂದ ೧೯೦೦ರವರೆಗಿನ ಮದ್ದಿನಾಟಗಳ ಇತಿಹಾಸವನ್ನು ಬರೆದರು. ಅದು ೧೯೫೩ರಲ್ಲಿ ಬೆಂಗಳೂರಿನ ಬಸವನಗುಡಿಯಿಂದಲೇ ಪ್ರಕಟವಾಯಿತು.

ಇದಕ್ಕೂ ಮೊದಲೇ, ೧೪೪೩ರಲ್ಲಿ, ಪಾರಸಿಕ ದೂತನಾದ ಅಬ್ದುರ್ ರಜಾಕನು ವಿಜಯನಗರದ ಮಹೋತ್ಸವದಲ್ಲಿ ಮದ್ದಿನಾಟಗಳನ್ನು ಕಂಡುದಾಗಿ ಬರೆದಿಟ್ಟಿರುವನು. ಆದುದರಿಂದ ಹದಿನೈದನೆಯ ಶತಮಾನದ ಹೊತ್ತಿಗೆ ವಸ್ತುವು ಕರ್ಣಾಟಕಕ್ಕೆ ಬಂದಿತ್ತೆಂಬುದು ಸಿದ್ಧ. ಆಮೇಲೆ ಉತ್ತರದೇಶದ ಸೈನ್ಯಗಳಲ್ಲಿಯೂ ಪಾರಸಿ ಬರೆವಣಿಗೆಗಳಲ್ಲಿಯೂ ಇದೇ ಶಬ್ದವು ‘ಬಾನ್’ ಎಂಬ ರೂಪದಲ್ಲಿ ಬಳಕೆಯಾಯಿತು. ಫರಾಸಿ ವೈದ್ಯನಾದ ಬರ್ನಿಯೆ ೧೬೫೮ರ ಸಾಮೂಗಢದ ಕಾಳಗವನ್ನು ವರ್ಣಿಸುವಾಗ, ಕೋಲಿಗೆ ಕಟ್ಟಿದ ಒಂದು ಬಗೆಯ ಮದ್ದಿನುಂಡೆಗಳನ್ನು ಕುದುರೆದಳದ ಮೇಲೆ ಬಿಡುತ್ತಿದ್ದರೆಂದೂ, ಅವುಗಳಿಗೆ ‘ಬಾನ್’ ಎಂದು ಹೆಸರೆಂದೂ, ಅವು ಕೆಲವೊಮ್ಮೆ ಜನರನ್ನು ಕೊಂದರೂ ಹೆಚ್ಚಾಗಿ ಕುದುರೆಗಳನ್ನು ಬೆದರಿಸುತ್ತಿದ್ದವೆಂದೂ ಹೇಳುವನು.

೭

ಈ ನಿರ್ಣಯಕ್ಕೆ ಕನ್ನಡವೇ ಒಂದು ಒಳಗಿನ ಪ್ರಮಾಣವನ್ನು ಕೊಡುವುದು. ಅಂಬು, ಕಣೆ, ಸರಳ್, ಕೋಲ್ ಎಂದು ಬಾಣಕ್ಕೆ ಕನ್ನಡದಲ್ಲಿ ಹಲವು ಹೆಸರುಗಳುಂಟು. ಹಳಗನ್ನಡದ ಕವಿಗಳೂ ಕುಮಾರವ್ಯಾಸನೂ ಇವುಗಳನ್ನು ಧಾರಾಳವಾಗಿ ಬಳಸಿರುವರು. ಇವುಗಳಲ್ಲಿ ಒಂದಾದರೂ ಬಿರುಸೆಂಬ ಅರ್ಥವನ್ನು ಪಡೆಯಲಿಲ್ಲ. ಬಿರುಸಿಗೆ ಸಂದುದು ‘ಬಾಣ’ವೊಂದೇ. ತಮಿಳು ಮಲೆಯಾಳಗಳಲ್ಲಿ ‘ವಾಣಂ’ ಬಿರುಸಾಯಿತು. ‘ಅಂಬು’ ಅಂಬಾಗಿಯೇ ಉಳಿಯಿತು. ತೆಲುಗಿನಲ್ಲಿ ಮದ್ದಿನಾಟಕ್ಕೆ ‘ಬಾಣಸಂಚಾ’ ಎಂದು ಹೆಸರು. ‘ಅಮ್ಮು’ ಆ ಕಡೆಗೆ ಹೋಗಲಿಲ್ಲ.

ಬಾಣವು ಬಿರುಸಾಗಿ ಬೆಳೆದುದು ಈ ನಾಡಿನಲ್ಲಿಯೇ, ಹೆಜ್ಜೆಹೆಜ್ಜೆಯಾಗಿ, ಬಿಲ್ಲಾಳುಗಳ ಕೈಯಲ್ಲಿ ಆಗಿದ್ದರೆ, ಬಿಲ್ಲಾಳುಗಳ ಮನೆಮಾತಾದ ಅಂಬು ಕಣೆಗಳಿಗೂ ಆ ಅರ್ಥವು ಅಂಟಬೇಕಾಗಿತ್ತು. ಹಾಗಾಗದೆ ನಾಲ್ಕು ಭಾಷೆಗಳಲ್ಲಿಯೂ ಒಂದೇ ಶಬ್ದವು ಒಂದೇ ಹೊಸ ಅರ್ಥವನ್ನು ಹೊತ್ತಿರುವುದರಿಂದ, ಹೆಸರೂ ವಸ್ತುವೂ ಜೊತೆಯಾಗಿಯೇ ಹೊರಗಿನಿಂದ ಬಂದುವೆಂದು ಊಹಿಸುವುದು ನ್ಯಾಯವಾಗಿದೆ. ಮೊದಲು ಸಾದೃಶ್ಯದಿಂದ ಗೌಣೀವೃತ್ತಿ: ಉದ್ದನೆಯ ಕಡ್ಡಿ, ಮುಂದೆ ಭಾರವಾದ ತಲೆ, ವೇಗ, ಗುರಿ. ಅನಂತರ ಬಳಕೆಯ ಬಲದಿಂದ ರೂಢಿ. ಆ ರೂಢಿಯು ಸಿದ್ಧವಾದ ಮೇಲೆ ಶಬ್ದವು ಅರಮನೆಯ ಉತ್ಸವಗಳ ಮತ್ತು ದಂಡಿನ ಪರಿಭಾಷೆಯಾಗಿ ನಾಡಿನಿಂದ ನಾಡಿಗೆ ಹಬ್ಬಿತು.

ಇತರ ಪದಗಳೂ ಇದನ್ನು ಬೆಂಬಲಿಸುವುವು. ‘ತುಪಾಕಿ’ ತುರುಕರ ಮಾತಿನಿಂದ ಬಂದುದು. ‘ಪಿರಂಗಿ’ಯು ಫರಂಗಿಯರ ಹೆಸರು. ‘ಗುಂಡು’ ದುಂಡಗಿನ ಕಲ್ಲೆಂಬ ಅರ್ಥವನ್ನು ದಾಟಿ ಸೀಸದ ಗುಂಡಾಯಿತು. ‘ಮದ್ದು’ ಎಂಬ ಔಷಧವಾಚಕವು ಸ್ಫೋಟಕಚೂರ್ಣಕ್ಕೆ ಸಂದಿತು. ಪಾರಸಿಯ ‘ದಾರೂ’ ಎಂಬುದಕ್ಕೂ ಔಷಧವೆಂದೂ ಕೋವಿಮದ್ದೆಂದೂ ಎರಡರ್ಥಗಳಿವೆ. ಚೀಣರೂ ಇದನ್ನು ‘ಬೆಂಕಿಯ ಔಷಧ’ವೆಂದೇ ಕರೆಯುವರು. ಪೆಟ್ಲುಪ್ಪಿಗೆ ಪ್ರಾಚೀನ ಸಂಸ್ಕೃತದಲ್ಲಿ ಪ್ರತ್ಯೇಕವಾದ ಹೆಸರಿಲ್ಲ. ಈಚಿನ ಗ್ರಂಥಗಳ ‘ಸೋರಕ’ವು ಪಾರಸಿಯ ‘ಶೋರಾ’ದಿಂದ ಬಂದುದು. ಕೋವಿಮದ್ದಿನ ಕುಟುಂಬಕ್ಕೆ ಸೇರಿದ ಪದಗಳೆಲ್ಲವೂ ಹೀಗೆ ಎರವಲಾಗಿ ಅಥವಾ ಹಳೆಯ ಪದಗಳ ಹೊಸ ಅರ್ಥವಾಗಿ ಇರುವಾಗ, ‘ಬಾಣ’ವೊಂದು ಮಾತ್ರ ವೇದಕಾಲದಿಂದ ಬಂದ ಬಿರುಸೆಂದು ಹೇಳುವುದು ಹೇಗೆ?

೮

ಇದರಿಂದ ನಾಡಿನ ಕೀರ್ತಿಗೆ ಕುಂದೇನೂ ಇಲ್ಲ. ನಿಜವಾದ ಕೀರ್ತಿಗೆ ನಿಜವಾದ ಆಧಾರವಿದೆ. ಹದಿನೆಂಟನೆಯ ಶತಮಾನದಲ್ಲಿ ಯುರೋಪಿನ ಬಿರುಸುಗಳು ಕಾಗದದ ಕೊಳವೆಯವಾಗಿದ್ದಾಗ, ಮೈಸೂರಿನವರು ಕಬ್ಬಿಣದ ಕೊಳವೆಯಲ್ಲಿ ಮದ್ದನ್ನು ತುಂಬಿದರು. ಒಳಗಿನ ಒತ್ತಡವನ್ನು ಕಬ್ಬಿಣವು ತಾಳಿಕೊಳ್ಳುವುದರಿಂದ ಹೆಚ್ಚು ಮದ್ದನ್ನು ಬಿಗಿಯಾಗಿ ತುಂಬುವುದಕ್ಕೂ, ಹೆಚ್ಚು ದೂರಕ್ಕೆ ಬಿಡುವುದಕ್ಕೂ ಸಾಧ್ಯವಾಯಿತು. ೧೭೮೦ನೆಯ ಸೆಪ್ಟೆಂಬರ್ ೧೦ರಂದು ಪೊಳ್ಳಿಲೂರಿನಲ್ಲಿಯೂ, ೧೭೯೯ರಲ್ಲಿ ಶ್ರೀರಂಗಪಟ್ಟಣದ ಮುಂದೆಯೂ ಇಂಗ್ಲಿಷರು ಈ ಬಾಣಗಳ ರುಚಿಯನ್ನು ಕಂಡರು. ಅವರು ಕೊಂಡೊಯ್ದ ಮಾದರಿಗಳನ್ನು ಪರೀಕ್ಷಿಸಿ ವಿಲಿಯಂ ಕಾಂಗ್ರೀವನು ವೂಲ್ವಿಚ್ಚಿನಲ್ಲಿ ತನ್ನ ಬಾಣಗಳನ್ನು ತಯಾರಿಸಿದನು. ಅವು ೧೮೦೬ರಲ್ಲಿ ಬೂಲೋನಿನ ಮೇಲೆಯೂ ೧೮೦೭ರಲ್ಲಿ ಕೋಪನ್‌ಹೇಗನ್ನಿನ ಮೇಲೆಯೂ ಪ್ರಯೋಗವಾದವು. ೨೦೧೮ರಲ್ಲಿ ಶಿವಮೊಗ್ಗ ಜಿಲ್ಲೆ ಬಿದನೂರು ನಗರದ ಒಂದು ಹಾಳುಬಾವಿಯಲ್ಲಿ ಗೇಣುದ್ದದ ಸಾವಿರಕ್ಕೂ ಹೆಚ್ಚು ಕಬ್ಬಿಣದ ಬಾಣಗಳು ದೊರೆತವು. ಶಬ್ದವನ್ನು ಹಿಗ್ಗಿಸಿ ಪಡೆಯುವ ಕೀರ್ತಿಗಿಂತ ಈ ಕಬ್ಬಿಣದ ಸಾಕ್ಷಿ ಎಷ್ಟೋ ಗಟ್ಟಿಯಾದುದು.

ಇಂಗ್ಲಿಷರು ಇದಕ್ಕೆ ಕೊಟ್ಟ ‘ರಾಕೆಟ್’ ಎಂಬ ಹೆಸರಿನಲ್ಲಿಯೂ ಯುದ್ಧದ ಸುಳಿವಿಲ್ಲ. ಅದು ನೂಲಿನ ಕದಿರೆಂಬ ಅರ್ಥದ ಇಟಲಿ ಮಾತಿನಿಂದ, ಆಕಾರಸಾಮ್ಯದಿಂದ ಬಂದುದು. ಒಂದು ನಾಡಿನವರು ಬಿಲ್ಲಾಳಿನ ಕೈಯನ್ನು ನೆನೆದು ಹೆಸರಿಟ್ಟರು. ಇನ್ನೊಂದು ನಾಡಿನವರು ನೂಲುವವಳ ಕೈಯನ್ನು ನೆನೆದು ಹೆಸರಿಟ್ಟರು.

೯

ಈ ವಿಚಾರದಿಂದ ನಿಶ್ಚಯವಾಗುವುದಿಷ್ಟು: ‘ಬಾಣ’ವು ವೇದಕಾಲದಿಂದ ಅಂಬು. ‘ಅಗ್ನಿಬಾಣ’ವು ಪ್ರಾಚೀನರಲ್ಲಿ ಮೇಣ ಗುಗ್ಗುಳಗಳನ್ನು ಬಳಿದು ಬಿಲ್ಲಿನಿಂದ ಎಚ್ಚ ಉರಿಯಂಬು, ಅಥವಾ ಮಂತ್ರಾಸ್ತ್ರ. ತಾನೇ ಹಾರುವ ಬಿರುಸೆಂಬ ಅರ್ಥವು ಕೋವಿಮದ್ದು ಬಂದ ಮೇಲಿನದು. ಅದು ಸುಮಾರು ೧೫೦೦ರ ಹೊತ್ತಿಗೆ ಗ್ರಂಥಸ್ಥವಾಗಿದೆ. ಆದುದರಿಂದ ಪಂಪ ರನ್ನರ ಬಾಣಕ್ಕೆ ಟಿಪ್ಪಣಿ ಬರೆಯುವವನು ಬಿಲ್ಲನ್ನು ಮರೆಯಕೂಡದು. ಹದಿನೆಂಟನೆಯ ಶತಮಾನದ ಕಾಗದಪತ್ರಗಳ ಬಾಣಕ್ಕೆ ಅರ್ಥ ಬರೆಯುವವನು ಮದ್ದನ್ನು ಮರೆಯಕೂಡದು. ಒಂದು ಗ್ರಂಥದಲ್ಲಿ ಶಬ್ದವು ಬಿರುಸೆಂಬ ಅರ್ಥದಲ್ಲಿ ನಿಸ್ಸಂಶಯವಾಗಿ ಬಂದಿದ್ದರೆ, ಅದರಿಂದ ಮದ್ದಿನ ಪ್ರಾಚೀನತೆ ಸಿದ್ಧಿಸುವುದಿಲ್ಲ. ಆ ಗ್ರಂಥದ ಅಥವಾ ಆ ಭಾಗದ ಅರ್ವಾಚೀನತೆ ಸಿದ್ಧಿಸುವುದು.

ಈ ಪ್ರಕ್ರಿಯೆಯು ಇಂದಿಗೂ ನಿಂತಿಲ್ಲ. ಋಗ್ವೇದದ ದಧಿಕ್ರಾ ಎಂಬ ಕುದುರೆಯ ಸೂಕ್ತದಲ್ಲಿ ಚಾವಟಿಯ ಹೊಡೆತಕ್ಕೆ ಸಂದಿದ್ದ ‘ಕ್ಷಿಪಣಿ’ಯು ಈಗ ಸಾವಿರಾರು ಮೈಲಿ ಹಾರುವ ಅಸ್ತ್ರಕ್ಕೆ ಹೆಸರಾಗಿದೆ. ಅಂತಹ ಒಂದಕ್ಕೆ ‘ಅಗ್ನಿ’ಯೆಂದು ಹೆಸರಿಟ್ಟು ೧೯೮೯ರಲ್ಲಿ ಪ್ರಯೋಗಿಸಿದರು. ಶಿವನ ಬಿಲ್ಲಾದ ‘ಪಿನಾಕ’ದ ಹೆಸರನ್ನು ಹೊತ್ತ ಬಾಣಯಂತ್ರವು ೧೯೯೯ರ ಕಾರ್ಗಿಲ್ ಯುದ್ಧದಲ್ಲಿ ಬಳಕೆಯಾಯಿತು. ಸಾವಿರ ವರ್ಷಗಳ ಮೇಲೆ ಬರುವ ವಿದ್ವಾಂಸನೊಬ್ಬನು ಈ ಹೆಸರುಗಳನ್ನು ಮಾತ್ರ ಕಂಡು ಪುರಾಣದ ಪಿನಾಕವೂ ಇಂತಹುದೇ ಆಗಿತ್ತೆಂದು ಬರೆದರೆ ಅದೆಷ್ಟು ತಪ್ಪಾಗುವುದೋ, ಪುರಾಣದ ಬಾಣದಲ್ಲಿ ಮದ್ದನ್ನು ಕಾಣುವುದೂ ಅಷ್ಟೇ ತಪ್ಪು.